ಪದ ಬೇಕು: ಒಂದೇ ಪಿಯಾನೊ, ಇಬ್ಬರು, ನಾಲ್ಕು ಕೈ

ಎಲ್ಲರಿಗೂ ನಮಸ್ಕಾರ,

ತುರ್ತಾಗಿ ಒಂದು ಪದ ಬೇಕು. ನಮ್ಮ ಬಡಾವಣೆಯ ಸಿನಿಮಾ ಬಳಗದವರು ಭಾನುವಾರ ಒಂದು ಜಪಾನಿ ಸಿನಿಮಾ ತೋರಿಸುತ್ತಿದ್ದಾರೆ. ಕನ್ನಡ ಸಬ್‌ಟೈಟಲ್ ನನ್ನ ಪಾಲಿಗೆ ಬಂದಿದೆ. ಶುಕ್ರವಾರ ರಾತ್ರಿಯೊಳಗೆ ಫೈಲ್ ಕಳಿಸಬೇಕು.

ಕತೆ ಇಷ್ಟು. ಅಕ್ಕ ತಂಗಿ ಒಂದೇ ಮನೆಯಲ್ಲಿದ್ದೂ ಮಾತು ಬಿಟ್ಟಿದ್ದಾರೆ. ಚಿಕ್ಕಂದಿನಲ್ಲಿ ಒಂದೇ ಬೆಂಚಿನ ಮೇಲೆ ಕೂತು ಒಂದೇ ಪಿಯಾನೊ ನುಡಿಸುತ್ತಿದ್ದವರು. ಹಾಗೆ ನುಡಿಸೋದಕ್ಕೆ ಜಪಾನಿಯಲ್ಲಿ ‘ರೆನ್‌ದಾನ್’ ಅನ್ನುತ್ತಾರೆ. ‘ರೆನ್’ ಅಂದರೆ ಒಂದಕ್ಕೊಂದು ಸೇರಿಕೊಂಡದ್ದು, ‘ದಾನ್’ ಅಂದರೆ ಮೀಟೋದು, ನುಡಿಸೋದು. ಬಲಗಡೆ ಕೂತವರು ಮೇಲಿನ ಸ್ವರಗಳನ್ನು ನುಡಿಸುತ್ತಾರೆ, ಎಡಗಡೆಯವರು ಕೆಳಗಿನವನ್ನು. ಪೆಡಲ್ ತುಳಿಯೋದು ಸಾಮಾನ್ಯವಾಗಿ ಎಡಗಡೆಯವರ ಕೆಲಸ. ಸಿನಿಮಾದಲ್ಲಿ ಅಕ್ಕ ಎಡಕ್ಕೆ ಕೂರುತ್ತಾಳೆ. ಪುಟ್ಟ ತಂಗಿಯ ಕಾಲು ನೆಲಕ್ಕೇ ಎಟುಕುವುದಿಲ್ಲ. ಕೊನೆಗೆ ದೊಡ್ಡವಳಾದ ತಂಗಿ ಬಾಗಿಲಲ್ಲಿ ನಿಂತು ಒಂದೇ ಪದ ಕೇಳುತ್ತಾಳೆ: ‘ರೆನ್‌ದಾನ್?’ ಪರದೆ ಮೇಲೆ ನನಗೆ ಸಿಗೋದು ಎರಡು ಸೆಕೆಂಡು.

ನಾನು ಯೋಚಿಸಿದ್ದು ಮೂರು. ‘ಜುಗಲ್‌ಬಂದಿ’ ಅಂದರೆ ಇಬ್ಬರು ಕಲಾವಿದರು, ಎರಡು ವಾದ್ಯ, ನಡುವೆ ಸ್ವಲ್ಪ ಸವಾಲು-ಜವಾಬು. ಇದು ಅದಲ್ಲ. ‘ದ್ವಂದ್ವ ವಾದನ’ ನಮ್ಮ ಕಛೇರಿಗಳ ಆಹ್ವಾನ ಪತ್ರಿಕೆಯಲ್ಲಿ ಇದೆ, ‘ದ್ವಂದ್ವ ಪಿಟೀಲು ವಾದನ’ ಅಂತ. ಆದರೆ ದ್ವಂದ್ವ ಅಂದ ತಕ್ಷಣ ಜನಕ್ಕೆ ಹೊಳೆಯೋದು ಮನಸ್ಸಿನ ಹೊಯ್ದಾಟ. ‘ಯುಗಳ’ ಅಂದರೆ ನಾಯಕ-ನಾಯಕಿಯ ಹಾಡು. ಒಂದೂ ಒಗ್ಗುತ್ತಿಲ್ಲ.

ಇನ್ನೊಂದು ತೊಡಕು. ತಂಗಿ ಚಿಕ್ಕವಳಿದ್ದಾಗ ‘ಒನೇಚಾನ್’ ಅಂತ ಕರೆಯುತ್ತಾಳೆ. ಈಗ ಗೆಳತಿಯ ಹತ್ತಿರ ‘ಅನೆ’ ಅನ್ನುತ್ತಾಳೆ. ಎರಡಕ್ಕೂ ಕನ್ನಡದಲ್ಲಿ ‘ಅಕ್ಕ’ನೇ. ದೂರವಾಗಿದ್ದನ್ನು ತೋರಿಸೋದು ಹೇಗೆ? ಹಳೆಯ ಅನುವಾದಕರು ಇಲ್ಲೆಲ್ಲ ‘ಸಹೋದರಿ’ ಹಾಕುತ್ತಾರೆ. ನನಗೆ ಮನಸ್ಸಿಲ್ಲ.

ಹಾಗೇ, ಪೋಸ್ಟರಿನಲ್ಲಿ ಬಳಗದವರು ‘ಹುಡುಗಿಯೊಬ್ಬಳು ದೊಡ್ಡವಳಾಗುವ ಕತೆ’ ಅಂತ ಬರೆದಿದ್ದರು. ‘ದೊಡ್ಡವಳಾದಳು’ ಅಂದರೆ ನಮ್ಮ ಕಡೆ ಮೈನೆರೆದಳು ಅಂತ. ತೆಗೆಸಿದೆ. ಜಪಾನಿಯವರು ಇಂಥ ಸಿನಿಮಾಗೆ ‘ಸೇಶುನ್’ ಅನ್ನುತ್ತಾರೆ. ಅಕ್ಷರಗಳನ್ನು ಬಿಡಿಸಿದರೆ ‘ಹಸಿರು ವಸಂತ’. ‘ಹರೆಯ’ ಸಾಕಾಗುತ್ತಾ?

— ಮೈಸೂರಿನಿಂದ

*

‘ನಾಲ್ಗೈ’ ಅನ್ನಿ. ನಾಲ್ವರು, ನಾಲ್ಮಡಿ ಇದ್ದ ಮೇಲೆ ನಾಲ್ಗೈ ಯಾಕಾಗಬಾರದು? ನುಡಿಸೋದಕ್ಕೆ ‘ನಾಲ್ಗೈಯಾಟ’. ಅಚ್ಚಗನ್ನಡದಲ್ಲಿ ಪದ ಕಟ್ಟುವ ದಾರಿ ಇಷ್ಟು ಸಲೀಸಾಗಿರುವಾಗ ದ್ವಂದ್ವ, ಯುಗಳ ಅಂತ ಸಂಸ್ಕೃತದ ಬಾಗಿಲು ತಟ್ಟುವ ಅಗತ್ಯವೇ ಇಲ್ಲ.

ಜಪಾನಿಯವರನ್ನೇ ನೋಡಿ. 1941ರಲ್ಲಿ ಶಾಲೆಗಳಲ್ಲಿ ದೊ ರೆ ಮಿ (ನಮ್ಮ ಸ ರಿ ಗ ಇದ್ದ ಹಾಗೆ ಪಶ್ಚಿಮದ ಸ್ವರಗಳ ಹೆಸರು) ತೆಗೆದು ‘ಹ ನಿ ಹೊ ಹೆ ತೊ ಇ ರೊ’ ತಂದರು. ಅವರ ‘ಇ ರೊ ಹ’ ಅಕ್ಷರಮಾಲೆಯಿಂದ ಎತ್ತಿಕೊಂಡದ್ದು. ಮನಸ್ಸು ಮಾಡಿದರೆ ಆಗುತ್ತದೆ. ನಮಗೆ ಮನಸ್ಸಿಲ್ಲ, ಅಷ್ಟೇ.

‘ಸಹೋದರಿ’ ಬೇಡ ಅಂದದ್ದು ಸರಿ. ‘ಒಡಹುಟ್ಟಿದವಳು’ ಬಳಸಿ.

— ಶಿವಮೊಗ್ಗದಿಂದ

*

ಜಪಾನಿ ‘ಅನೆ’ ಮತ್ತು ನಮ್ಮ ‘ಅಣ್ಣ’ ಎರಡರ ದನಿ ಗಮನಿಸಿದಿರಾ? ಒಡಹುಟ್ಟಿದವರಲ್ಲಿ ಹಿರಿಯರು ಅನ್ನೋ ಅರ್ಥ ಎರಡಕ್ಕೂ ಇದೆ. ಓನೊ ಸುಸುಮು ಅನ್ನೋ ಜಪಾನಿ ವಿದ್ವಾಂಸರು ತಮಿಳಿಗೂ ಜಪಾನಿಗೂ ನಂಟಿದೆ ಅಂತ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಕನ್ನಡದವರೂ ಈ ದಾರಿಯಲ್ಲಿ ಹೆಜ್ಜೆ ಇಡಬೇಕು. ಪದಕ್ಕಿಂತ ಮೊದಲು ಬೇರು ನೋಡಬೇಕು.

— ತುಮಕೂರಿನಿಂದ

*

ಓನೊ ಅವರ ವಾದವನ್ನು ಬಹುಪಾಲು ಭಾಷಾ ವಿದ್ವಾಂಸರು ಒಪ್ಪಿಲ್ಲ. ಒಂದು ಪದ ಇನ್ನೊಂದರಂತೆ ಕೇಳಿಸಿದರೆ ನಂಟಾಗುವುದಿಲ್ಲ. ‘ಇಮೋತೊ’ ಅಂದರೆ ತಂಗಿ. ಅದು ‘ಇಮೊ’ ಮತ್ತು ‘ಹಿತೊ’ ಸೇರಿ ಆದದ್ದು. ಅದರಲ್ಲಿ ನಮ್ಮ ‘ತಂಗಿ’ ಎಲ್ಲಿದೆ? ಇದನ್ನು ಇಲ್ಲಿಗೇ ಬಿಡೋಣ.

ಕೇಳಿದವರಿಗೆ: ‘ಅನೆ’ ದೂರದ ಗುರುತಲ್ಲ. ಹೊರಗಿನವರ ಮುಂದೆ ನಮ್ಮವರನ್ನು ಹಾಗೆ ತಗ್ಗಿಸಿ ಹೇಳೋದು ಇಲ್ಲಿಯ ಮರ್ಯಾದೆ, ಅಷ್ಟೇ. ‘ಉಚಿ ನೊ ಅನೆ’ ಅನ್ನೋದನ್ನು ಇಲ್ಲಿ ದಿನಾ ಕೇಳುತ್ತೇನೆ. ‘ಉಚಿ’ ಅಂದರೆ ಮನೆ, ಒಳಗು. ಸರಿಯಾಗಿ ನಮ್ಮ ‘ನಮ್ಮಕ್ಕ’. ಅಕ್ಕ ಒಬ್ಬಳದೇ ಆದರೂ ‘ನಮ್ಮ’ ಅನ್ನುತ್ತೇವಲ್ಲ, ಅದೇ ಭಾವ. ತಂಗಿ ‘ಅನೊ ಹಿತೊ’ ಅನ್ನುವ ಕಡೆ ಮಾತ್ರ ಎಚ್ಚರವಾಗಿರಿ. ‘ಆ ವ್ಯಕ್ತಿ’ ಅಂತ ಅರ್ಥ. ಮುರಿದಿರೋದು ಅಲ್ಲಿ.

— ಒಸಾಕಾದಿಂದ

*

ಜುಗಲ್‌ಬಂದಿ ಅಂದರೆ ಎಲ್ಲರಿಗೂ ತಿಳಿಯುತ್ತದೆ. ಹಾರ್ಮೋನಿಯಂ, ತಬಲಾ, ಪಿಟೀಲು ಎಲ್ಲ ಹೊರಗಿನಿಂದ ಬಂದ ಹೆಸರೇ. ಸಂಗೀತಕ್ಕೆ ಮಡಿ ಇಲ್ಲ. ನಾಲ್ಗೈ ಅಂದರೆ ನಮ್ಮ ಕಡೆ ಯಾರಿಗೂ ತಿಳಿಯೂದಿಲ್ಲ.

— ಧಾರವಾಡದಿಂದ

*

ಎಲ್ಲರಿಗೂ ವಂದನೆ. ಒಸಾಕಾದ ಅಕ್ಕನಿಗೆ ಒಂದು ಜಾಸ್ತಿ ವಂದನೆ. ‘ಅನೆ’ ವಿಚಾರದಲ್ಲಿ ನಾನು ಎಡವಿದ್ದೆ. ಆ ಸಾಲುಗಳಲ್ಲೆಲ್ಲ ಈಗ ‘ನಮ್ಮಕ್ಕ’ ಮಾಡಿದ್ದೇನೆ. ‘ಅನೊ ಹಿತೊ’ ಬರುವ ಎರಡು ಕಡೆ ಹುಡುಕಿದೆ. ಅಲ್ಲಿ ‘ಅವರು’ ಹಾಕಿದ್ದೇನೆ. ನೀನು ತಾನು ಅಂದುಕೊಂಡು ಬೆಳೆದ ಅಕ್ಕನನ್ನು ತಂಗಿ ‘ಅವರು ಊಟ ಮಾಡಿಲ್ಲ’ ಅಂದರೆ ಕನ್ನಡ ಕಿವಿಗೆ ಚುರುಕ್ ಅನ್ನುತ್ತದೆ. ಬೇರೆ ಪದವೇ ಬೇಕಾಗಿಲ್ಲ.

‘ಒಡಹುಟ್ಟಿದವಳು’ ಚೆಂದದ ಪದ, ಆದರೆ ಇಲ್ಲಿ ಬೇಡ. ಅದು ಹಿರಿಯಳೋ ಕಿರಿಯಳೋ ಹೇಳುವುದಿಲ್ಲ. ಜಪಾನಿಯ ‘ಶಿಮಾಯ್’ ಹೇಳುತ್ತದೆ. ಅದರ ಒಂದು ಅಕ್ಷರ ಅಕ್ಕ, ಇನ್ನೊಂದು ತಂಗಿ. ‘ಅಕ್ಕತಂಗಿ’ ಅನ್ನೋದೂ ಹಾಗೇ ಕಟ್ಟಿದ್ದು. ಎರಡೂ ಭಾಷೆಗೆ ಇಷ್ಟು ಒಪ್ಪುವ ಪದ ಕೈಯಲ್ಲಿರುವಾಗ ಇಂಗ್ಲಿಷ್ ಸಬ್‌ಟೈಟಲ್ ನೋಡಿಕೊಂಡು ‘ಸಹೋದರಿ’ ಬರೆಯೋದು ನನಗೆ ನಿಜಕ್ಕೂ ಬೇಜಾರು ತರಿಸುತ್ತದೆ.

ಶಿವಮೊಗ್ಗದ ಹಿರಿಯರೇ, ‘ನಾಲ್ಗೈ’ ಎರಡು ಸೆಕೆಂಡಿನಲ್ಲಿ ‘ನಾಲಗೆ’ ಅಂತ ಓದಿಸಿಕೊಳ್ಳುತ್ತದೆ. ನನ್ನ ಮಗಳಿಗೆ ತೋರಿಸಿದೆ, ಹಾಗೇ ಓದಿದಳು. ಯುದ್ಧ ಮುಗಿದ ಮೇಲೆ ಜಪಾನಿನ ಶಾಲೆಗಳಿಗೆ ದೊ ರೆ ಮಿ ವಾಪಸ್ ಬಂತು. ಹಾಗಂತ ‘ಹ ನಿ ಹೊ’ ಸತ್ತಿಲ್ಲ, ಶ್ರುತಿಯ ಹೆಸರುಗಳಲ್ಲಿ ಇವತ್ತಿಗೂ ಇದೆ. ಎಲ್ಲಿ ಬೇಕೋ ಅಲ್ಲಿ ಉಳಿಯಿತು. ಇನ್ನೂ ಒಂದು ನೋಡಿ. ‘ರೆನ್‌ದಾನ್’ನ ಎರಡೂ ತುಂಡು ಚೀನೀ ಅಕ್ಷರಗಳ ಜೊತೆ ಚೀನಾದಿಂದಲೇ ಬಂದ ಉಚ್ಚಾರ. ವಾದ್ಯವನ್ನು ಅವರು ‘ಪಿಯಾನೊ’ ಅಂತಲೇ ಇಟ್ಟುಕೊಂಡರು. ಹೊರಗಿನದು, ಒಳಗಿನದು ಅಂತ ಗೆರೆ ಎಳೆದರೆ ಆ ಪದವೇ ಹುಟ್ಟುತ್ತಿರಲಿಲ್ಲ.

ಧಾರವಾಡದವರೇ, ನನ್ನ ತಕರಾರು ಜುಗಲ್‌ಬಂದಿ ಹೊರಗಿನದು ಅಂತಲ್ಲ. ಒಂದೇ ಬೆಂಚು ಅನ್ನೋದು ಅದರಲ್ಲಿ ಇಲ್ಲ.

ನಮ್ಮ ಮನೆಯಲ್ಲಿ ಹಾರ್ಮೋನಿಯಂ ಇತ್ತು. ಅಕ್ಕ ಎದುರಿಗೆ ಕೂತು ತಿದಿ ಒತ್ತುತ್ತಿದ್ದಳು. ನಾನು ಎರಡೂ ಕೈಯಲ್ಲಿ ನುಡಿಸುತ್ತಿದ್ದೆ. ಜಗಳ ಆದ ದಿನ ಅವಳು ಗಾಳಿ ನಿಲ್ಲಿಸಿಬಿಡುತ್ತಿದ್ದಳು. ಸ್ವರ ಅಲ್ಲೇ ಸೊರಗಿ ನಿಂತುಹೋಗುತ್ತಿತ್ತು. ಆ ಆಟಕ್ಕೆ ನಮ್ಮಲ್ಲಿ ಹೆಸರೇ ಇರಲಿಲ್ಲ. ‘ಸೇರಿ ನುಡಿಸೋಣ್ವಾ?’ ಅಂತ ಕೇಳುತ್ತಿದ್ದೆವು.

ನಿನ್ನೆ ರಾತ್ರಿ ಇದು ನೆನಪಾದಾಗ ‘ನುಡಿಸು’ ಅನ್ನೋ ಪದವನ್ನೇ ಮೊದಲ ಸಲ ಸರಿಯಾಗಿ ನೋಡಿದೆ. ನುಡಿಯುವಂತೆ ಮಾಡು, ಮಾತಾಡಿಸು ಅಂತ. ವೀಣೆಗೂ ಅದೇ, ಪಿಯಾನೊಗೂ ಅದೇ. ಮಾತು ಬಿಟ್ಟ ಅಕ್ಕತಂಗಿಗೆ ಇದಕ್ಕಿಂತ ಒಳ್ಳೆ ಪದ ನಾನು ಎಲ್ಲಿಂದ ತರಲಿ? ಜಪಾನಿಯಲ್ಲೂ ಈ ಅರ್ಥ ಇಲ್ಲ, ಅಲ್ಲಿರೋದು ಬರೀ ಮೀಟೋದು.

ಬಾಗಿಲ ಸಾಲಿಗೆ ‘ಸೇರಿ ನುಡಿಸೋಣ್ವಾ?’ ಹಾಕಿದ್ದೇನೆ. ‘ಅಕ್ಕಾ’ ಅಂತ ಸೇರಿಸಬೇಕು ಅಂತ ಕೈ ತುಡಿಯಿತು. ಸೇರಿಸಲಿಲ್ಲ. ಮೂಲದಲ್ಲಿ ಅವಳು ಅಕ್ಕನನ್ನು ಕರೆಯುವುದಿಲ್ಲ. ಆ ಪದ ಅವಳ ಬಾಯಿಗೆ ಬರೋದು ಪಿಯಾನೊ ಮುಂದೆ ಕೂತ ಮೇಲೆ.

ಪೋಸ್ಟರಿಗೆ ನಾಮಪದ ಇನ್ನೂ ಬೇಕು. ಸದ್ಯಕ್ಕೆ ‘ಮಾತು ಬಿಟ್ಟ ಅಕ್ಕತಂಗಿ, ಒಂದೇ ಪಿಯಾನೊ, ನಾಲ್ಕು ಕೈ’ ಅಂತ ಕಳಿಸಿದ್ದೇನೆ. ಕೆಳಗೆ ಸಣ್ಣದಾಗಿ ‘ಹರೆಯದ ಕತೆ’. ಪ್ರಿಂಟಿಗೆ ಹೋಗೋದು ನಾಳೆ ಮಧ್ಯಾಹ್ನ. ಇದಕ್ಕಿಂತ ಒಳ್ಳೇದು ಹೊಳೆದರೆ ಅಷ್ಟರೊಳಗೆ ಬರೆಯಿರಿ.

— ಮೈಸೂರಿನಿಂದ