ಪದಚರ್ಚೆ: ಬ್ರೇಕ್ ಪ್ಯಾಡ್ ‘ಸವೆದಿದೆ’ಯೋ, ‘ತಿಂದಿದೆ’ಯೋ?

ಎಲ್ಲರಿಗೂ ನಮಸ್ಕಾರ.

ಎರಡು ಮೂರು ಕ್ರಿಯಾಪದಗಳ ಬಗ್ಗೆ ನಿಮ್ಮನ್ನು ಕೇಳಬೇಕಿತ್ತು. ಅವು ಎಲ್ಲಿಂದ ಬಂದವು ಅಂತ ಮೊದಲು ಹೇಳಿಬಿಡುತ್ತೇನೆ.

ನನ್ನ ತಂಗಿ ಹೋದ ವರ್ಷ ಕಾರು ಕಲಿತಳು. ಅವಳ ಕೆಲಸ ಉಜಿರೆಯಲ್ಲಿ. ಅಮ್ಮ ಇರುವುದು ಮೂಡಿಗೆರೆಯಲ್ಲಿ. ತಿಂಗಳಿಗೆ ಎರಡು ಸಲವಾದರೂ ಚಾರ್ಮಾಡಿ ಘಾಟಿ ಹತ್ತಿ ಇಳಿಯುತ್ತಾಳೆ. ಮಳೆಗಾಲ ಮುಗಿದ ಮೇಲೆ ಒಂದು ದಿನ ಫೋನ್ ಮಾಡಿ, "ಅಕ್ಕಾ, ಬ್ರೇಕ್ ಹಿಡೀತಾ ಇದೆ. ಗ್ಯಾರೇಜಿಗೆ ಫೋನ್ ಮಾಡಿದ್ರೆ, ಹಿಡಿದ್ರೆ ಒಳ್ಳೇದಲ್ವಾ ಮೇಡಂ ಅಂತಾರೆ" ಅಂದಳು. ಅವಳ ದನಿಯಲ್ಲಿ ಗಾಬರಿ ಇತ್ತು. ಅವಳು ಹೇಳಿದ್ದು ಒಂದು, ಅವರಿಗೆ ಕೇಳಿಸಿದ್ದು ಇನ್ನೊಂದು.

‘ಹಿಡಿ’ ಅನ್ನುವ ಒಂದೇ ಪದ ಬ್ರೇಕಿನ ಜೊತೆ ಸೇರಿದರೆ ಎಷ್ಟು ಅರ್ಥ ಕೊಡುತ್ತದೆ ನೋಡಿ. ಸೈಕಲ್ ಕಲಿಸುವಾಗ ಅಪ್ಪ "ಬ್ರೇಕ್ ಹಿಡಿ, ಬ್ರೇಕ್ ಹಿಡಿ" ಅಂತ ಹಿಂದೆ ಓಡಿ ಬರುತ್ತಿದ್ದರು. ಅಲ್ಲಿ ಹಿಡಿಯುವವರು ನಾವು. "ಬ್ರೇಕ್ ಹಿಡೀತಿಲ್ಲ" ಅಂದಾಗ ಹಿಡಿಯಬೇಕಾದದ್ದು ಬ್ರೇಕು. ಅದು ಕೆಲಸ ಮಾಡುತ್ತಿಲ್ಲ ಅಂತ ಅರ್ಥ. ನನ್ನ ತಂಗಿ ಹೇಳಿದ್ದು ಮೂರನೆಯದು: ಕಾಲು ತೆಗೆದ ಮೇಲೂ ಬ್ರೇಕು ಬಿಡುತ್ತಿಲ್ಲ, ಕಾರು ಹಗುರವಾಗಿ ಉರುಳುತ್ತಿಲ್ಲ, ಇಳಿದು ನೋಡಿದರೆ ಮುಂದಿನ ಎಡಗಡೆ ಚಕ್ರ ಕಾದಿದೆ. "ಹಿಡ್ಕೊಂಡಿದೆ" ಅಂದಿದ್ದರೆ ಗ್ಯಾರೇಜಿನವರಿಗೆ ಕೂಡಲೇ ತಿಳಿಯುತ್ತಿತ್ತು. ‘ಕೊಳ್ಳು’ ಅಂತ ಒಂದು ಬಾಲ ಸೇರಿದರೆ ಸಾಕು, ಹಿಡಿದದ್ದು ಹಾಗೇ ಉಳಿದಿದೆ ಅನ್ನುವುದು ಬಂದುಬಿಡುತ್ತದೆ. "ಕಚ್ಕೊಂಡಿದೆ" ಅಂತಲೂ ಹೇಳುತ್ತಾರೆ. ಅದರಲ್ಲೂ ಅದೇ ‘ಕೊಳ್ಳು’. ಘಾಟಿ ದಾರಿಯಲ್ಲಿ ಓಡಾಡುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ ಅಂತ ನನಗೆ ಅವತ್ತೇ ಅನಿಸಿತು. ಅವಳಿಗೆ ಒಂದು ಪುಟದ ಟಿಪ್ಪಣಿ ಬರೆದು ಕೊಡೋಣ ಅಂದುಕೊಂಡೆ. ಏನಾದರೆ ಏನನ್ನಬೇಕು, ಯಾವ ಸದ್ದು ಬಂದರೆ ಏನು ಅರ್ಥ, ಪ್ಯಾಡ್ ಯಾವಾಗ ಬದಲಾಯಿಸಬೇಕು, ಇಷ್ಟೇ.

ಬರೆಯುವ ಮೊದಲು ಅವಳ ಜೊತೆ ಗ್ಯಾರೇಜಿಗೆ ಹೋಗಿ ಕೂತೆ. ಅಲ್ಲಿಯ ಹಿರಿಯ ಮೆಕ್ಯಾನಿಕ್ ಮಾತು ಕಡಿಮೆ. ಚಕ್ರ ನೆಲದ ಮೇಲಿರುವಾಗಲೇ ನಟ್ಟುಗಳನ್ನು ಸ್ವಲ್ಪ ಸಡಿಲಿಸಿ, ಹಿಂದಿನ ಗಾಲಿಗೆ ಕಲ್ಲು ಕೊಟ್ಟು, ಆಮೇಲೆ ಜಾಕ್ ಏರಿಸಿದರು. ಚಕ್ರ ಬಿಚ್ಚಿ, ಪ್ಯಾಡುಗಳನ್ನು ಇಕ್ಕಳದ ಹಾಗೆ ಹಿಡಿದಿರುವ ಕ್ಯಾಲಿಪರಿನ ಕೆಳಗಿನ ಬೋಲ್ಟ್ ತೆಗೆದು, ಅದನ್ನು ಮೇಲಕ್ಕೆ ಎತ್ತಿದರು. ಎರಡು ಪ್ಯಾಡ್ ಹೊರಗೆ ಬಂದವು. ಎರಡನ್ನೂ ನನ್ನ ಅಂಗೈ ಮೇಲೆ ಇಟ್ಟು ಒಂದೇ ಮಾತು ಹೇಳಿದರು:

"ಹೊರಗಿಂದು ಸವ್ದಿದೆ. ಒಳಗಿಂದು ತಿಂದ್ಬಿಟ್ಟಿದೆ."

ಪ್ಯಾಡ್ ಅಂದರೆ ಕಬ್ಬಿಣದ ಒಂದು ತಟ್ಟೆ, ಅದರ ಮೇಲೆ ಕಪ್ಪು ಬೂದು ಬಣ್ಣದ ಗಟ್ಟಿ ಪದರ. ಉಜ್ಜುವುದು ಆ ಪದರ. ಹೊಸದರಲ್ಲಿ ಅದು ಸುಮಾರು 10 ಮಿ.ಮೀ. ದಪ್ಪ ಇರುತ್ತದೆ. 3 ಮಿ.ಮೀ.ಗೆ ಇಳಿದರೆ ಬದಲಾಯಿಸಿ ಅನ್ನುವುದು ರೂಢಿ. ನನ್ನ ಕೈಯಲ್ಲಿದ್ದ ಹೊರಗಿನ ಪ್ಯಾಡಿನಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು. ಮೇಲ್ಮೈ ಒಂದೇ ಸಮ, ಮುಟ್ಟಿದರೆ ನುಣ್ಣಗೆ. ಒಳಗಿನದರಲ್ಲಿ ಒಂದು ತುದಿಯಲ್ಲಿ ಪದರವೇ ಇರಲಿಲ್ಲ. ಇನ್ನೊಂದು ತುದಿಯಲ್ಲಿ ರೂಪಾಯಿ ನಾಣ್ಯದಷ್ಟು ದಪ್ಪ.

ಇಲ್ಲಿದೆ ನನ್ನ ಮುಖ್ಯ ಪ್ರಶ್ನೆ. ‘ಸವೆ’ ನಮಗೆಲ್ಲ ಗೊತ್ತು. ಚಪ್ಪಲಿ ಸವೆಯುತ್ತದೆ, ದೇವಸ್ಥಾನದ ಮೆಟ್ಟಿಲು ಸವೆಯುತ್ತದೆ. ಅಕ್ಷರ ಕಾಣದ ನಾಣ್ಯ ಸವಕಲು ನಾಣ್ಯ. ಮಣ್ಣಿನದೂ ಸವಕಳಿ, ಲೆಕ್ಕಪತ್ರದಲ್ಲಿ ಯಂತ್ರದ ಬೆಲೆ ವರ್ಷ ವರ್ಷ ಇಳಿಯುವುದೂ ಸವಕಳಿ. ಇವೆಲ್ಲದರಲ್ಲೂ ನನಗೆ ಕಾಣುವ ಸಮಾನ ಗುಣ ಒಂದೇ. ಬಳಸಿದ್ದಕ್ಕೆ ನಿಧಾನವಾಗಿ ಕಡಿಮೆಯಾಯಿತು, ಯಾರದೂ ತಪ್ಪಿಲ್ಲ. ಪ್ಯಾಡ್ ಇರುವುದೇ ಸವೆಯಲಿಕ್ಕೆ.

‘ತಿಂದಿದೆ’ ಹಾಗಲ್ಲ. ಇದನ್ನು ಟೈರಿನ ವಿಷಯದಲ್ಲಿ ನೀವೂ ಕೇಳಿರುತ್ತೀರಿ. "ಟೈರ್ ಒಳಗಡೆ ತಿಂತಾ ಇದೆ, ಅಲೈನ್‌ಮೆಂಟ್ ಮಾಡಿಸಿ" ಅಂತ. ಸುಮ್ನೆ ಈ ವಾಕ್ಯವನ್ನು ಬಿಡಿಸಿ ನೋಡಿ. ತಿನ್ನುತ್ತಿರುವುದು ಟೈರಾ? ಅಲ್ಲ. ಟೈರೇ ತಿನ್ನಿಸಿಕೊಳ್ಳುತ್ತಿದೆ. "ಬಾಗಿಲು ಗೆದ್ದಲು ತಿಂದಿದೆ" ಅನ್ನುತ್ತೇವಲ್ಲ, "ಬಾಗಿಲನ್ನು" ಅನ್ನದೆಯೂ ಅರ್ಥ ಆಗುತ್ತದೆ. ಹಾಗೆಯೇ ಇಲ್ಲೂ ‘ಪ್ಯಾಡ್’ ಅನ್ನುವುದು ಕರ್ಮ, ‘ಅನ್ನು’ ಬಿಟ್ಟುಹೋಗಿದೆ. ಕರ್ತೃ ಹೇಳಿಲ್ಲ. ಯಾಕೆ ಹೇಳಿಲ್ಲ ಅಂದರೆ, ಯಾವುದು ಅಂತ ಇನ್ನೂ ಗೊತ್ತಾಗಿಲ್ಲ. ಮೆಕ್ಯಾನಿಕ್ ಮುಂದೆ ಹುಡುಕುವುದು ಅದನ್ನೇ!

ಅವತ್ತು ಸಿಕ್ಕಿದ್ದು ಇದು. ಕ್ಯಾಲಿಪರ್ ಎರಡು ಪಿನ್ನುಗಳ ಮೇಲೆ ಸ್ವಲ್ಪ ಜಾರಬೇಕು. ಬ್ರೇಕ್ ತುಳಿದಾಗ ಕ್ಯಾಲಿಪರಿನಿಂದ ಮುಂದೆ ಬರುವ ಪಿಸ್ಟನ್ನು, ಚಕ್ರದ ಜೊತೆ ತಿರುಗುವ ಡಿಸ್ಕಿಗೆ ಒಳಗಿನ ಪ್ಯಾಡನ್ನು ಒತ್ತಿದಾಗ, ಕ್ಯಾಲಿಪರ್ ಜಾರಿ ಬಂದು ಹೊರಗಿನದನ್ನೂ ಒತ್ತಿಸುತ್ತದೆ. ಮಳೆ ನೀರು ಸೇರಿ ಪಿನ್ನಿಗೆ ತುಕ್ಕು ಹಿಡಿದಿತ್ತು. ಕ್ಯಾಲಿಪರ್ ಜಾರುತ್ತಿರಲಿಲ್ಲ. ಎಲ್ಲ ಭಾರ ಒಳಗಿನ ಪ್ಯಾಡಿನ ಮೇಲೆ, ಬಿಡುವುದೂ ಪೂರ್ತಿ ಬಿಡುತ್ತಿರಲಿಲ್ಲ. ‘ಹಿಡ್ಕೊಂಡಿದೆ’ಗೂ ‘ತಿಂದಿದೆ’ಗೂ ಕಾರಣ ಒಂದೇ ಆಗಿತ್ತು. ಸುಮ್ನೆ ಪ್ಯಾಡ್ ಬದಲಾಯಿಸಿ ಕಳಿಸಿದ್ದರೆ ಹೊಸದನ್ನೂ ತಿನ್ನುತ್ತಿತ್ತು. ಪಿನ್ನು ಉಜ್ಜಿ, ಗ್ರೀಸ್ ಹಚ್ಚಿ, ಕೈಯಲ್ಲಿ ಆಡಿಸಿ ನೋಡಿದ ಮೇಲೆಯೇ ಅವರು ಹೊಸ ಪ್ಯಾಡ್ ಹಾಕಿದರು. ಎಡಕ್ಕೆ ಮಾತ್ರ ಅಲ್ಲ, ಬಲಕ್ಕೂ. ಒಂದು ಕಡೆ ಹೊಸದು ಇನ್ನೊಂದು ಕಡೆ ಹಳೆಯದು ಇದ್ದರೆ ಬ್ರೇಕ್ ಒತ್ತಿದಾಗ ಕಾರು ಒಂದು ಪಕ್ಕಕ್ಕೆ ಎಳೆಯಬಹುದು.

‘ಸವೆ’ ಅಂದರೆ ಸಹಜ, ‘ತಿನ್ನು’ ಅಂದರೆ ಬೇರೆಲ್ಲೋ ದೋಷ ಇದೆ. ನನಗೆ ಕಂಡ ಈ ಗೆರೆ ನಿಮ್ಮ ಕಡೆಯ ಮಾತಿನಲ್ಲೂ ಇದೆಯಾ? ಧಾರವಾಡ, ಕಲಬುರಗಿ ಕಡೆಯವರು ದಯವಿಟ್ಟು ಹೇಳಿ. ಹುಬ್ಬಳ್ಳಿಯಲ್ಲಿ ಒಬ್ಬರು "ಪ್ಯಾಡ್ ಸವದಾವ್ರೀ" ಅಂದದ್ದು ಕೇಳಿದ್ದೇನೆ, ‘ತಿಂದಾವ’ ಅಂದದ್ದು ಕೇಳಿಲ್ಲ. ‘ತೇಯ್’ ಅನ್ನುವುದನ್ನು ಇದಕ್ಕೆ ಯಾರಾದರೂ ಬಳಸುತ್ತೀರಾ? ಗಂಧದ ಕೊರಡು ಕಲ್ಲಿನ ಮೇಲೆ ತೇಯ್ದ ಹಾಗೆ ಪ್ಯಾಡ್ ಡಿಸ್ಕಿನ ಮೇಲೆ ತೇಯುತ್ತದೆ, ಹೋಲಿಕೆ ಚೆನ್ನಾಗಿಯೇ ಇದೆ. ಆದರೆ ಗ್ಯಾರೇಜಿನಲ್ಲಿ ನನಗೆ ಅದು ಕೇಳಿಸಿಲ್ಲ. ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು 1894ರದು, ಆಗ ನಮ್ಮ ಊರುಗಳಿಗೆ ಕಾರೇ ಬಂದಿರಲಿಲ್ಲ. ಈ ಅರ್ಥಗಳನ್ನು ಗ್ಯಾರೇಜಿನಲ್ಲೇ ಕೂತು ಬರೆದುಕೊಳ್ಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಸದ್ದಿನ ಮಾತೂ ಹೀಗೆಯೇ. ಮೊದಲು ಮೆಕ್ಯಾನಿಕ್ ನನ್ನ ತಂಗಿಗೆ ಕೇಳಿದ್ದು, "ಕೀಂಯ್ ಅನ್ನುತ್ತಾ, ಗರಗರ ಅನ್ನುತ್ತಾ?" ಎಷ್ಟೋ ಪ್ಯಾಡುಗಳಲ್ಲಿ ತೆಳುವಾದ ಒಂದು ತಗಡಿನ ನಾಲಗೆ ಇರುತ್ತದೆ. ಪದರ ತೆಳ್ಳಗಾದಾಗ ಅದು ಡಿಸ್ಕಿಗೆ ತಾಗಿ ಕೀಂಯ್ ಅನ್ನುತ್ತದೆ. ಅದು ಬದಲಾಯಿಸು ಅನ್ನುವ ಸೂಚನೆ. ಅದನ್ನು ಕೇಳಿಯೂ ಬಿಟ್ಟರೆ ಪದರ ಪೂರ್ತಿ ಹೋಗಿ ಕಬ್ಬಿಣಕ್ಕೆ ಕಬ್ಬಿಣ ಉಜ್ಜುತ್ತದೆ. ಆಗ ಬರುವುದು ಗರಗರ. ಡಿಸ್ಕಿಗೆ ಗೆರೆ ಬೀಳುತ್ತದೆ, ಖರ್ಚು ಜಾಸ್ತಿ. ಶಾಲೆಯ ವ್ಯಾಕರಣದಲ್ಲಿ ಅನುಕರಣಾವ್ಯಯ ಅಂತ ಓದಿ ‘ಧಗಧಗ’, ‘ಪಟಪಟ’ ಅಂತ ಉದಾಹರಣೆ ಬರೆದು ಮುಗಿಸಿದ್ದೆವು. ಅವು ಹೀಗೆ ಕೆಲಸಕ್ಕೆ ಬರುವುದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ನನ್ನ ಟಿಪ್ಪಣಿಯಲ್ಲಿ ಈ ಎರಡು ಪದಗಳನ್ನು ಹಾಗೇ ಇಡುತ್ತೇನೆ.

ಇನ್ನು ನಾಮಪದಗಳು. ಪ್ಯಾಡ್, ಡಿಸ್ಕ್, ಕ್ಯಾಲಿಪರ್, ಇವನ್ನು ಮುಟ್ಟುವುದು ಬೇಡ. ಅಂಗಡಿಗೆ ಹೋಗಿ ಕೇಳಿದರೆ ಸಿಗಬೇಕಲ್ವಾ. ‘ಲೈನರ್’ ಮಾತ್ರ ಸ್ವಲ್ಪ ಗೊಂದಲ. ಡ್ರಮ್ ಬ್ರೇಕಿನಲ್ಲಿ ಪ್ಯಾಡಿನ ಬದಲು ಇರುವ ಶೂಗೂ ಲೈನರ್ ಅನ್ನುತ್ತಾರೆ, ಕೆಲವರು ಡಿಸ್ಕಿನ ಪ್ಯಾಡಿಗೂ ಅನ್ನುತ್ತಾರೆ. "ಒಂದು ಜೊತೆ ಕೊಡಿ" ಅಂದರೂ ಗೊಂದಲವೇ. ಚಪ್ಪಲಿ ಜೊತೆ ಅಂದರೆ ಎರಡು. ಪ್ಯಾಡಿನ ಡಬ್ಬಿಯಲ್ಲಿ ಎರಡೂ ಚಕ್ರಕ್ಕೆ ಸೇರಿ ನಾಲ್ಕು ಇರುತ್ತವೆ. ಅದಕ್ಕೇ ‘ಸೆಟ್’ ಉಳಿದುಕೊಂಡಿದೆ ಅನಿಸುತ್ತದೆ.

ಆದರೆ ‘ಬ್ರೇಕ್ ಆಯಿಲ್’ ಬಗ್ಗೆ ನನಗೆ ನಿಜವಾಗಿಯೂ ಚಿಂತೆ ಇದೆ. ಎಲ್ಲರೂ ಹಾಗೇ ಅನ್ನುತ್ತಾರೆ, ನಾನೂ ಅನ್ನುತ್ತಿದ್ದೆ. ಡಾಟ್ 3, ಡಾಟ್ 4 ಅಂತ ಡಬ್ಬಿಯ ಮೇಲೆ ಬರೆದಿರುವ ಆ ದ್ರವ ಎಣ್ಣೆಯೇ ಅಲ್ಲ, ಅದು ಗ್ಲೈಕಾಲ್ ಜಾತಿಯದು. ‘ಆಯಿಲ್’ ಅನ್ನುವ ಹೆಸರು ನಂಬಿ ಯಾರಾದರೂ ಇಂಜಿನ್ ಆಯಿಲ್ ಸುರಿದರೆ ಒಳಗಿನ ರಬ್ಬರ್ ಸೀಲುಗಳು ಊದಿಕೊಂಡು ಬ್ರೇಕೇ ಕೆಡುತ್ತದೆ. ಇನ್ನೊಂದು ಗುಣ, ಅದು ಗಾಳಿಯ ತೇವವನ್ನು ಹೀರುತ್ತದೆ. ಹೊಸ ಡಾಟ್ 4 ಕುದಿಯಬೇಕಾದರೆ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಘಾಟಿಯಲ್ಲಿ ಗೇರಿನ ಸಹಾಯ ಇಲ್ಲದೆ ಬರೀ ಬ್ರೇಕ್ ತುಳಿಯುತ್ತ ಇಳಿದರೆ ಆ ಬಿಸಿ ಬಂದುಬಿಡಬಹುದು. ದ್ರವ ಕುದಿದು ಆವಿಯಾದರೆ ಪೆಡಲ್ ಮೆತ್ತಗೆ ಒಳಗೆ ಹೋಗುತ್ತದೆ, ಕಾರು ನಿಲ್ಲುವುದಿಲ್ಲ. ‘ಬ್ರೇಕ್ ದ್ರವ’ ಅಂತ ಬರೆದರೆ ಪಾಠಪುಸ್ತಕದ ಮಾತಾಗುತ್ತದೆ, ‘ಬ್ರೇಕ್ ಫ್ಲೂಯಿಡ್’ ಅಂದರೆ ಅಂಗಡಿಯಲ್ಲಿ ತಿಳಿಯುತ್ತದೆ. ನಾನು ಎರಡನೆಯದನ್ನೇ ಇಟ್ಟುಕೊಂಡಿದ್ದೇನೆ. ಇದಕ್ಕಿಂತ ಒಳ್ಳೆಯದು ಗೊತ್ತಿದ್ದರೆ ಹೇಳಿ.

ಕೊನೆಯ ಪ್ರಶ್ನೆ, ನನಗೆ ತುಂಬಾ ಇಷ್ಟವಾದದ್ದು. ಪಿಸ್ಟನ್ನನ್ನು ಹಿಂದಕ್ಕೆ ಒತ್ತಿ, ಹೊಸ ಪ್ಯಾಡ್ ಹಾಕಿ, ಎಲ್ಲ ಮುಚ್ಚಿದ ಮೇಲೆ, ಕಾರು ಕದಲಿಸುವ ಮೊದಲು ಮೆಕ್ಯಾನಿಕ್ ಪೆಡಲನ್ನು ಹತ್ತಾರು ಸಲ ಒತ್ತಿದರು. ಮೊದಲ ಒತ್ತಿಗೆ ಅದು ತಳಕ್ಕೇ ಹೋಯಿತು, ಆಮೇಲೆ ಗಟ್ಟಿಯಾಯಿತು. ಆಗ ಹೇಳಿದರು: "200, 300 ಕಿಲೋಮೀಟರ್ ಜೋರಾಗಿ ಬ್ರೇಕ್ ಹೊಡೀಬೇಡಿ. ಪ್ಯಾಡ್ ಇನ್ನೂ ಕೂತಿಲ್ಲ." ಹೊಸ ಪ್ಯಾಡಿನ ಮೇಲ್ಮೈ ಡಿಸ್ಕಿಗೆ ಹೊಂದಿಕೊಳ್ಳಬೇಕು, ಪದರದ ತೆಳು ಲೇಪ ಡಿಸ್ಕಿನ ಮೇಲೆ ಒಂದೇ ಸಮ ಹತ್ತಬೇಕು. ಅದಕ್ಕೆ ಖಾಲಿ ರಸ್ತೆಯಲ್ಲಿ ಹದವಾಗಿ ಬ್ರೇಕ್ ಒತ್ತಿ ಒತ್ತಿ, ನಡುವೆ ಆರಲು ಬಿಡಬೇಕು.

ಇದಕ್ಕೆ ‘ಕೂರು’ ಸಾಕಾ? ಮನೆಗೆ ಬಂದು ಅಮ್ಮನಿಗೆ ಹೇಳಿದಾಗ ಅವರು, "ಹೊಸ ಕಬ್ಬಿಣದ ಕಾವಲಿ ಪಳಗಿಸಿದ ಹಾಗೆ ಅನ್ನು" ಅಂದರು. ಎಣ್ಣೆ ಸವರಿ, ಕಾಯಿಸಿ, ಆರಿಸಿ, ಮತ್ತೆ ಕಾಯಿಸಿದರೆ ಕಾವಲಿಯ ಮೇಲೂ ಒಂದು ತೆಳು ಪದರ ಕೂರುತ್ತದೆ. ಆಮೇಲೆ ದೋಸೆ ಚೆನ್ನಾಗಿ ಏಳುತ್ತದೆ. ಎತ್ತು ಪಳಗುತ್ತದೆ, ಕೈ ಪಳಗುತ್ತದೆ, ಕಾವಲಿ ಪಳಗುತ್ತದೆ. ಪ್ಯಾಡ್ ಪಳಗುತ್ತದೆ ಅಂದರೆ ನಿಮ್ಮ ಕಿವಿಗೆ ಸರಿ ಕೇಳಿಸುತ್ತದಾ? ಕಾರು ಓಡಿಸುವವರೊಬ್ಬರು ಇದನ್ನು ಮೊದಲ ಸಲ ಓದಿದರೆ ತಡವರಿಸದೆ ಅರ್ಥ ಮಾಡಿಕೊಳ್ಳುತ್ತಾರಾ? ನನಗಂತೂ ಸರಿ ಅನಿಸಿದೆ. ಆದರೆ ಅದು ಅಮ್ಮ ಹೇಳಿದ್ದು ಅನ್ನುವ ಕಾರಣಕ್ಕೂ ಇರಬಹುದು, ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ.

ಟಿಪ್ಪಣಿಯಲ್ಲಿ ಆ ಒಂದು ಪದದ ಜಾಗ ಖಾಲಿ ಬಿಟ್ಟಿದ್ದೇನೆ. ಶನಿವಾರ ಅವಳು ಘಾಟಿ ಹತ್ತಿ ಬರುತ್ತಾಳೆ. ಭಾನುವಾರ ಸಂಜೆ ಇಳಿಯುವ ಮೊದಲು ಅವಳ ಕೈಗೆ ಕೊಡಬೇಕು.