ಪದಚರ್ಚೆ: ‘ಬ್ಯುಸಿ ಬ್ಯಾಕ್‌ಗ್ರೌಂಡ್’ಗೆ ಕನ್ನಡದಲ್ಲಿ ಏನನ್ನೋಣ? (ಫ್ಲೆಕ್ಸ್‌ಗೆ, ಸ್ವಲ್ಪ ಅರ್ಜೆಂಟ್)

ದಾವಣಗೆರೆಯಿಂದ:
ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಕೊಂಡಜ್ಜಿ ಕೆರೆ ಹತ್ತಿರ, ಹೊಸದಾಗಿ ಕ್ಯಾಮೆರಾ ಹಿಡಿದವರಿಗೆ ಹಕ್ಕಿ ಫೋಟೋ ತೆಗೆಯುವುದನ್ನು ಹೇಳಿಕೊಡುತ್ತಿದ್ದೇವೆ. ಅಲ್ಲಿಗೊಂದು ಫ್ಲೆಕ್ಸ್ ಬೇಕು. ಅಂಗಡಿಯವರು ಸಂಜೆಯೊಳಗೆ ಮ್ಯಾಟರ್ ಕೇಳಿದ್ದಾರೆ. ಹಕ್ಕಿಯ ಹಿಂದೆ ಜಾಲಿ ಮುಳ್ಳು, ಕಡ್ಡಿ, ಎಲೆ ಸಂದಿಯಿಂದ ಚುಕ್ಕಿ ಚುಕ್ಕಿ ಬಿಸಿಲು, ಎಲ್ಲ ತುಂಬಿಕೊಂಡಿರುತ್ತದಲ್ಲ, ಅದಕ್ಕೆ ಪದ ಬೇಕು. ಮೊಬೈಲನ್ನು ಕೇಳಿದರೆ ‘ಕಾರ್ಯನಿರತ ಹಿನ್ನೆಲೆ’ ಅಂದಿತು! ಇನ್ನೊಂದು: ಹಿಂದಿನದೆಲ್ಲ ಕರಗಿದ ಹಾಗೆ ಕಾಣುವುದಕ್ಕೆ ‘ಮಬ್ಬು’ ಸಾಕಾ?

ಹೊಳಲ್ಕೆರೆಯಿಂದ:
‘ಮಬ್ಬು’ ತಪ್ಪು. ಮಬ್ಬು ಅಂದರೆ ಬೆಳಕು ಕಮ್ಮಿ. ನೀವು ಹೇಳುವ ಜಾಗದಲ್ಲಿ ಬೆಳಕು ಜಾಸ್ತಿಯೇ ಇದೆ, ಅಂಚು ಮಾತ್ರ ಇಲ್ಲ. ಅದು ‘ಮಸುಕು’. ಮೊದಲನೆಯದಕ್ಕೆ ‘ಗಿಜಿಗಿಜಿ’ ಅನ್ನಿ. ಗಿಜಗ ಹಕ್ಕಿಯಿಂದಲೇ ಬಂದ ಪದ. ಈಚಲು ಮರದಲ್ಲಿ ಗಿಜಗಗಳು ಗೂಡು ಕಟ್ಟುವಾಗ ಹೋಗಿ ನಿಂತು ನೋಡಿ, ನಿಮಗೇ ಗೊತ್ತಾಗುತ್ತದೆ.

ಚಿತ್ರದುರ್ಗದಿಂದ:
ಉಲ್ಟಾ, ಮೇಷ್ಟ್ರೇ. ದನಿಯಿಂದ ಹಕ್ಕಿಗೆ ಹೆಸರು ಬಂದೀತು, ಹಕ್ಕಿಯಿಂದ ದನಿಗೆ ಬಾರದು. ಅನುಕರಣಾವ್ಯಯಕ್ಕೆ ಮೂಲ ಹುಡುಕುವ ಚಟ ಬಿಡಿ. ಗಿಜಿಗಿಜಿ ಅನ್ನುವುದು ಜಾತ್ರೆಗೆ. ಜೀವ ಇರಬೇಕು, ಓಡಾಡಬೇಕು. ನಿಂತ ಕೊಂಬೆಗೆ ‘ಗೋಜಲು’. ನಾನು ಜೋಗಿಮಟ್ಟಿಯಲ್ಲಿ ಕ್ಯಾಮೆರಾ ಹಿಡಿದು ತಿರುಗುವವನು. ಫೋಕಸ್ ಹಕ್ಕಿಯನ್ನು ಬಿಟ್ಟು ಮುಂದಿನ ಕಡ್ಡಿಗೆ ಹೋಗಿ ಸಿಕ್ಕಿಕೊಳ್ಳುತ್ತದೆ. ಸಿಕ್ಕಿಸುವುದೇ ಗೋಜಲು.

ಇದನ್ನೂ ಬರೆಯಿರಿ. ಬಿಳಿ ಆಕಾಶದ ಮುಂದೆ ಕಾಜಾಣ ಕೂತಿದ್ದರೆ ಕ್ಯಾಮೆರಾ ಬೆಳಕು ಜಾಸ್ತಿಯಾಯಿತು ಅಂದುಕೊಂಡು ಇಡೀ ಚಿತ್ರವನ್ನು ಕಪ್ಪಾಗಿಸುತ್ತದೆ. ಒಂದೆರಡು ಸ್ಟಾಪ್ (ಕ್ಯಾಮೆರಾದಲ್ಲಿ ಬೆಳಕಿನ ಅಳತೆ) ಏರಿಸಬೇಕು. ಕಪ್ಪು ನೀರಿನ ಮುಂದೆ ಬೆಳ್ಳಕ್ಕಿ ಇದ್ದರೆ ಇಳಿಸಬೇಕು, ಇಲ್ಲದಿದ್ದರೆ ಗರಿಯೆಲ್ಲ ಸುಣ್ಣ ಬಳಿದ ಗೋಡೆ. ಇದಕ್ಕೆ ‘ಬೆಳಕೇರಿಸು, ಬೆಳಕಿಳಿಸು’ ಸಾಕು. ಇಂಗ್ಲಿಷಿನ ‘ಎಕ್ಸ್‌ಪೋಷರ್ ಕಾಂಪೆನ್ಸೇಷನ್’ ಅನ್ನು ಯಾರೋ ‘ಒಡ್ಡಿಕೆ ಪರಿಹಾರ’ ಅಂತ ಬರೆದದ್ದು ನೋಡಿದ್ದೆ. ನಮ್ಮ ಕಡೆ ಪರಿಹಾರ ಅಂದರೆ ಬರ ಪರಿಹಾರ. ಜನ ಪಹಣಿ ಹಿಡಿದು ಬಂದಾರು.

ಹಿರಿಯೂರಿನಿಂದ:
ಕ್ಯಾಮೆರಾ, ಫೋಕಸ್, ಸ್ಟಾಪ್. ಇದು ಕನ್ನಡದ ಪದಚರ್ಚೆ ತಾನೇ? ಫೋಕಸ್‌ಗೆ ‘ನೆಟ್ಟನೋಟ’ ಅಂತ ಎಷ್ಟು ಸಲ ಹೇಳಬೇಕು?

ಚಿತ್ರದುರ್ಗದಿಂದ:
ನೋಟ ನೆಡುವವನು ಮನುಷ್ಯ, ಗಾಜಲ್ಲ. ನೀವು ವಿಳಾಸದಲ್ಲಿ ಬರೆಯುವ ‘ತಾಲೂಕು’, ‘ಜಿಲ್ಲೆ’ ಎರಡೂ ಅರಬ್ಬಿ. ಮೊದಲು ಅವನ್ನು ತೆಗೆಯಿರಿ. ಇಂಗ್ಲಿಷಿನವರೇ ಈ ಮಸುಕಿನ ಅಂದಕ್ಕೆ ಜಪಾನಿನಿಂದ ‘ಬೊಕೆ’ ತಂದುಕೊಂಡರು. ದಾವಣಗೆರೆ ನಮ್ಮಿಂದ ಬೇರೆಯಾಗಿ ಜಿಲ್ಲೆಯಾಯಿತಲ್ಲ, ಅದೇ 1997ರಲ್ಲಿ ಅಮೆರಿಕದ ಒಂದು ಫೋಟೋ ಪತ್ರಿಕೆ ಆ ಪದವನ್ನು ಹಬ್ಬಿಸಿತು. ಜಪಾನಿಯಲ್ಲಿ ಅದಕ್ಕೆ ಮುಪ್ಪಿನ ಅರಳುಮರಳು ಅಂತಲೂ ಅರ್ಥ ಇದೆ. ಅವರೇನೂ ನಾಚಿಕೊಳ್ಳಲಿಲ್ಲ.

ಹಿರಿಯೂರಿನಿಂದ:
ಅವರು ಇಲ್ಲದ್ದನ್ನು ತಂದರು. ನೀವು ಮನೆಯಲ್ಲಿ ಇದ್ದೂ ಕಡ ತರುತ್ತೀರಿ. ಅರಳುಮರಳು ಯಾರಿಗೆ ಅಂತ ಓದುವವರೇ ಹೇಳಲಿ.

ಹೊಳಲ್ಕೆರೆಯಿಂದ:
ಗಿಜಗದ ಮಾತನ್ನು ನಾನು ಹಿಂತೆಗೆದುಕೊಂಡಿಲ್ಲ.

ದಾವಣಗೆರೆಯಿಂದ:
ದಯವಿಟ್ಟು ಜಗಳ ಬೇಡ, ಮ್ಯಾಟರ್ ಕೊಟ್ಟಾಯ್ತು. ಹೀಗಿದೆ: ‘ಹಕ್ಕಿಯ ಹಿಂದೆ ಗೋಜಲಿದ್ದರೆ ಎರಡು ಹೆಜ್ಜೆ ಪಕ್ಕಕ್ಕೆ ಸರಿಯಿರಿ. ಹಿಂದಿನ ಗಿಡ ಹಕ್ಕಿಯಿಂದ ದೂರ ಇದ್ದಷ್ಟೂ ಚೆನ್ನಾಗಿ ಮಸುಕಾಗುತ್ತದೆ. ಆಮೇಲೆ ಕ್ಲಿಕ್ಕಿಸಿ.’ ಬೆಳಕೇರಿಸುವುದು, ಇಳಿಸುವುದು ಅಲ್ಲೇ ಬಾಯಲ್ಲಿ ಹೇಳುತ್ತೇವೆ, ಫ್ಲೆಕ್ಸಿನಲ್ಲಿ ಜಾಗ ಇಲ್ಲ.

ಹಿರಿಯೂರಿನಿಂದ:
‘ಕ್ಲಿಕ್ಕಿಸಿ’?

ಚಿತ್ರದುರ್ಗದಿಂದ:
ಅದೂ ಅನುಕರಣಾವ್ಯಯವೇ. ಬಿಡಿ ಸಾರ್.