ಹಳೆಯ ಮನೆಯ ಗೋಡೆಯ ಪಸೆ ಪರೀಕ್ಷಿಸಬೇಕೆಂದು ಕೊಳ್ಳುವವರು ಕೇಳುತ್ತಿದ್ದಾರೆ. ಒಪ್ಪುವುದಾದರೆ ಯಾವ ಷರತ್ತಿನ ಮೇಲೆ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಉಡುಪಿಯ ಸಮೀಪ ನಮ್ಮ ತಂದೆಯವರು 1958ರಲ್ಲಿ ಕಟ್ಟಿಸಿದ ಮನೆಯನ್ನು ಮಾರುವುದೆಂದು ನಾವು ಮೂವರು ಒಡಹುಟ್ಟಿದವರು ತೀರ್ಮಾನಿಸಿದ್ದೇವೆ. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು. ಮೊದಲಿದ್ದ ಸುಣ್ಣದ ಗಾರೆಯನ್ನು 1994ರಲ್ಲಿ ಕೆರೆದು ತೆಗೆಸಿ, ಒಳಗೂ ಹೊರಗೂ ಸಿಮೆಂಟ್ ಸಾರಣೆ ಮಾಡಿಸಿ ಪ್ಲಾಸ್ಟಿಕ್ ಪೇಂಟ್ ಬಳಿಸಿದೆವು. 2014ರಲ್ಲಿ ನನ್ನ ಮಗಳ ಮದುವೆಗೆ ಮುಂಚೆ ಅಂಗಳಕ್ಕೆ ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕಿಸಿದ್ದೇವೆ.

ಕೊಳ್ಳಲು ಬಂದಿರುವ ದಂಪತಿಗಳು ಕುಂದಾಪುರ ಮೂಲದವರು, ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದಾರೆ. ಬೆಲೆಯ ಮಾತು ಮುಗಿದಿದೆ, ಕರಾರುಪತ್ರ ಇನ್ನೂ ಆಗಿಲ್ಲ. ಈಗ ಅವರು ತಮ್ಮ ಕಡೆಯ ತಜ್ಞರನ್ನು ಕರೆತಂದು ಗೋಡೆಯ ಪಸೆಯನ್ನು ಯಂತ್ರದಿಂದ ಅಳೆಯಿಸಬೇಕು, ನಾಲ್ಕು ಕಡೆ ಡ್ರಿಲ್ ಮಾಡಿ ಮಾದರಿ ತೆಗೆಯಬೇಕು ಎನ್ನುತ್ತಿದ್ದಾರೆ. ತೇವ ಇದೆಯೆಂದು ಖಚಿತವಾದರೆ ನಾಲ್ಕು ಲಕ್ಷ ರೂಪಾಯಿ ಇಳಿಸಬೇಕೆಂದೂ ಈಗಲೇ ಹೇಳಿದ್ದಾರೆ. ಇದು ಬೆಲೆ ಇಳಿಸುವ ಉಪಾಯ, ಒಪ್ಪಬಾರದು ಎಂಬುದು ನನ್ನ ತಮ್ಮನ ವಾದ. ಮಳೆ ಬಿಟ್ಟ ಮೇಲೆ ಒಂದು ಕೋಟ್ ಬಣ್ಣ ಬಳಿಸಿ ತೋರಿಸಿದರೆ ಸಾಕೆಂಬುದು ದಲ್ಲಾಳಿಯವರ ಸಲಹೆ.

ನನ್ನ ಮನಸ್ಸು ಎರಡಕ್ಕೂ ಒಪ್ಪುತ್ತಿಲ್ಲ. ಪಶ್ಚಿಮದ ಕೋಣೆಯ ಕಪಾಟನ್ನು ಸರಿಸಿದರೆ ನೆಲದಿಂದ ಸುಮಾರು ಎರಡೂವರೆ ಅಡಿಯವರೆಗೆ ಬಣ್ಣ ಹಪ್ಪಳದಂತೆ ಎದ್ದಿರುವುದು ಕಾಣುತ್ತದೆ. ಬೆರಳಾಡಿಸಿದರೆ ಪುಡಿ ಉಪ್ಪಿನಂಥ ಬಿಳಿ ಹುಡಿ ಅಂಟುತ್ತದೆ. ಅಮ್ಮ ಇದ್ದಾಗ ಪ್ರತಿ ಮಳೆಗಾಲ ಮುಗಿದ ಮೇಲೆ ಆ ಕಪಾಟಿನ ಹಿಂದಿನ ಹಳೆಯ ಪತ್ರಿಕೆಗಳನ್ನು ಬದಲಾಯಿಸುತ್ತಿದ್ದರು. ಅಡುಗೆಮನೆಯ ಉತ್ತರದ ಗೋಡೆಯ ಮೇಲ್ಭಾಗದಲ್ಲಿ ಕಪ್ಪು ಬೂಷ್ಟು ಬರುತ್ತದೆ. ಗೊತ್ತಿದ್ದೂ ಹೇಳದಿರುವುದು ಹೇಗೆ? ಪರೀಕ್ಷೆಗೆ ಬಿಡುವುದಾದರೆ ಖರ್ಚು ಯಾರದು, ತೂತು ಮುಚ್ಚಿಸುವವರು ಯಾರು, ಬರುವ ವರದಿಯನ್ನು ಎಷ್ಟು ನಂಬಬೇಕು ಎಂಬುದನ್ನು ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ: ನಿವೃತ್ತ ಸಿವಿಲ್ ಎಂಜಿನಿಯರ್, ಮಂಗಳೂರು

ಪರೀಕ್ಷೆಗೆ ಖಂಡಿತ ಒಪ್ಪಿಕೊಳ್ಳಿ. ಆದರೆ ಏನನ್ನು, ಯಾವಾಗ, ಯಾವ ಕ್ರಮದಲ್ಲಿ ಪರೀಕ್ಷಿಸುತ್ತಾರೆ ಎಂಬುದನ್ನು ಮೊದಲೇ ಬರೆಸಿಕೊಳ್ಳಿ. ಎರಡು ಮೊಳೆಗಳನ್ನು ಗೋಡೆಗೆ ಒತ್ತಿ ಅಂಕಿ ತೋರಿಸುವ ಸಣ್ಣ ಯಂತ್ರವನ್ನೇ ಹೆಚ್ಚಿನವರು ತರುತ್ತಾರೆ. ಅದು ಮೂಲತಃ ಮರದ ತೇವ ಅಳೆಯುವುದಕ್ಕಾಗಿ ಮಾಡಿದ ಸಾಧನ. ಗೋಡೆಯ ಮೇಲೆ ಅದು ತೋರಿಸುವ ಶೇಕಡಾವಾರು ಅಂಕಿಯನ್ನು ನಿಜವಾದ ನೀರಿನ ಪ್ರಮಾಣವೆಂದು ಓದಬಾರದು. ಒಂದು ಜಾಗಕ್ಕಿಂತ ಇನ್ನೊಂದು ಜಾಗ ಹೆಚ್ಚು ಒದ್ದೆಯಾಗಿದೆಯೇ ಎಂದು ಹೋಲಿಸಲು ಮಾತ್ರ ಅದು ಸಾಕು. ನೀವು ಹೇಳಿದ ಬಿಳಿ ಹುಡಿ ಗೋಡೆಯಿಂದ ಹೊರಬಂದ ಲವಣ. ಲವಣವಿರುವಲ್ಲಿ ವಿದ್ಯುತ್ತು ಸುಲಭವಾಗಿ ಹಾಯುವುದರಿಂದ ಗೋಡೆ ಅಷ್ಟೇನೂ ಒದ್ದೆಯಾಗಿರದಿದ್ದರೂ ಯಂತ್ರ ದೊಡ್ಡ ಅಂಕಿಯನ್ನೇ ತೋರಿಸುತ್ತದೆ. ಆದ್ದರಿಂದ ಅವರು ಡ್ರಿಲ್ ಮಾಡಿ ಮಾದರಿ ತೆಗೆಯುತ್ತೇವೆ ಎಂದಿರುವುದು ನಿಮಗೆ ಅನುಕೂಲವೇ. ಗೋಡೆಯೊಳಗಿನ ಹುಡಿಯನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಮತ್ತೆ ತೂಗಿದಾಗ ಸಿಗುವ ಲೆಕ್ಕಕ್ಕೆ ಹೆಚ್ಚು ಬೆಲೆಯಿದೆ. ಮಾದರಿಯನ್ನು ಒಂದೇ ಎತ್ತರದಲ್ಲಿ ತೆಗೆಯದೆ ನೆಲದ ಹತ್ತಿರ, ಎರಡಡಿ, ನಾಲ್ಕಡಿ ಹೀಗೆ ಮೇಲೆ ಮೇಲೆ ತೆಗೆಯಲು ಹೇಳಿ. ಕೆಳಗೆ ಹೆಚ್ಚಿದ್ದು ಮೇಲಕ್ಕೆ ಹೋದಂತೆ ಕಡಿಮೆಯಾದರೆ ಮಾತ್ರ ಅಡಿಪಾಯದಿಂದ ನೀರು ಏರುತ್ತಿದೆ ಎನ್ನಬಹುದು.

ಅವರು ಬರುವುದಕ್ಕೆ ಮುಂಚೆ ನೀವೇ ಒಂದು ಸಣ್ಣ ಪರೀಕ್ಷೆ ಮಾಡಿನೋಡಿ. ಒಂದಡಿ ಚದರದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ಎರಡೂ ಗೋಡೆಗಳ ಮೇಲೆ ಇಟ್ಟು, ನಾಲ್ಕೂ ಅಂಚಿಗೆ ಗಾಳಿಯಾಡದಂತೆ ಟೇಪ್ ಅಂಟಿಸಿ ಎರಡು ದಿನ ಬಿಡಿ. ಹನಿಗಳು ಹಾಳೆಯ ಹಿಂಬದಿಯಲ್ಲಿ ಕೂತರೆ ತೇವ ಗೋಡೆಯೊಳಗಿನಿಂದ ಬರುತ್ತಿದೆ ಎಂದರ್ಥ. ಕೋಣೆಯ ಕಡೆ ಕೂತರೆ ಒಳಗಿನ ಹಬೆ ತಣ್ಣನೆಯ ಗೋಡೆಗೆ ತಾಗಿ ನೀರಾಗುತ್ತಿದೆ. ಅಡುಗೆಮನೆಯದು ಈ ಎರಡನೆಯದೇ ಇರಬಹುದೆಂದು ನನಗನ್ನಿಸುತ್ತದೆ. ಹಾಗಿದ್ದರೆ ಅಲ್ಲಿ ಬೇಕಾದದ್ದು ಗಾಳಿಯ ಓಡಾಟ, ಗೋಡೆಯ ರಿಪೇರಿಯಲ್ಲ.

ಪಶ್ಚಿಮದ ಕೋಣೆಯ ವಿಷಯದಲ್ಲಿ ನೀವು ಬರೆದ ಎರಡು ಸಂಗತಿಗಳು ನನ್ನ ಗಮನ ಸೆಳೆದವು. ಮುರಕಲ್ಲು ನೀರು ಕುಡಿಯುವ ಕಲ್ಲು. ಸುಣ್ಣದ ಗಾರೆ ಇದ್ದಾಗ ಕುಡಿದ ನೀರು ಬೇಸಿಗೆಯಲ್ಲಿ ಗೋಡೆಯ ಮೈಯಿಂದಲೇ ಆರಿಹೋಗುತ್ತಿತ್ತು. ಸಿಮೆಂಟ್ ಸಾರಣೆ ಮತ್ತು ಪ್ಲಾಸ್ಟಿಕ್ ಪೇಂಟ್ ಆ ದಾರಿಯನ್ನು ಮುಚ್ಚಿವೆ. ಎರಡನೆಯದು ಅಂಗಳ. ಮಣ್ಣು ತುಂಬಿಸಿ ಇಂಟರ್‌ಲಾಕ್ ಹಾಕಿಸಿದಾಗ ಹೊರಗಿನ ನೆಲ ಎಷ್ಟು ಏರಿತು? ಮನೆಯ ಒಳನೆಲಕ್ಕಿಂತ ಅಂಗಳ ಕನಿಷ್ಠ ಅರ್ಧ ಅಡಿಯಾದರೂ ತಗ್ಗಿನಲ್ಲಿರಬೇಕು. ಅದು ಸಮಸಮವಾಗಿದ್ದರೆ ಮಾಡಿನಿಂದ ಬೀಳುವ ನೀರು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯ ಬುಡದಲ್ಲೇ ನಿಲ್ಲುತ್ತದೆ. ತಗಡಿನ ದಂಬೆ ಎಲ್ಲಿ ಸೋರುತ್ತಿದೆ ಎಂದೂ ಒಂದು ಜೋರು ಮಳೆಯಲ್ಲಿ ಕೊಡೆ ಹಿಡಿದು ಹೊರಗೆ ನಿಂತು ನೋಡಿ.

ಇನ್ನೊಂದು ಮಾತು. ಪರೀಕ್ಷಿಸುವವರು ರಾಸಾಯನಿಕ ಇಂಜೆಕ್ಷನ್ ಅಥವಾ ವಾಟರ್‌ಪ್ರೂಫಿಂಗ್ ಕೆಲಸದ ಗುತ್ತಿಗೆ ಹಿಡಿಯುವವರೇ ಆಗಿದ್ದರೆ ಅವರ ಅಂದಾಜುಪಟ್ಟಿಯ ಮೇಲೆ ಬೆಲೆ ಇಳಿಸಬೇಡಿ. ಕೆಲಸ ಮಾರಾಟ ಮಾಡದ ಎಂಜಿನಿಯರ್ ಬರಲಿ.

ಉತ್ತರ: ವಕೀಲೆ, ಉಡುಪಿ

ದಯವಿಟ್ಟು ಬಣ್ಣ ಬಳಿಸಬೇಡಿ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೆಯ ಕಲಮಿನಂತೆ, ಮಾರುವವರಿಗೆ ಗೊತ್ತಿದ್ದು ಕೊಳ್ಳುವವರಿಗೆ ಗೊತ್ತಿಲ್ಲದ, ಸಾಮಾನ್ಯ ಎಚ್ಚರದಿಂದ ನೋಡಿದರೂ ಅವರ ಕಣ್ಣಿಗೆ ಬೀಳದ ಗಣನೀಯ ದೋಷವನ್ನು ಮಾರುವವರೇ ತಿಳಿಸಬೇಕು; ತಿಳಿಸದಿದ್ದರೆ ಅದನ್ನು ವಂಚನೆಯೆಂದೇ ಆ ಕಲಮು ಕರೆಯುತ್ತದೆ. 1872ರ ಕರಾರು ಕಾಯ್ದೆಯ 17ನೆಯ ಕಲಮು ಗೊತ್ತಿದ್ದ ಸಂಗತಿಯನ್ನು ಕ್ರಿಯಾಪೂರ್ವಕವಾಗಿ ಮರೆಮಾಚುವುದನ್ನು ವಂಚನೆಯ ಪಟ್ಟಿಗೆ ಸೇರಿಸಿದೆ. ಕಪಾಟಿನ ಹಿಂದೆ ಬಿಳಿ ಹುಡಿ ಇರುವುದು ಗೊತ್ತಿದ್ದು ಅದರ ಮೇಲೆ ಬಣ್ಣ ಬಳಿಸಿದರೆ ಅದಕ್ಕೆ ಬೇರೆ ಹೆಸರಿಡುವುದು ಕಷ್ಟ.

ಪರೀಕ್ಷೆಗೆ ಬಿಡುವುದರಿಂದ ನಿಮಗೇ ರಕ್ಷಣೆ ಎಂಬುದನ್ನು ನಿಮ್ಮ ತಮ್ಮನವರಿಗೆ ಹೇಳಿ. ಗೋಡೆಯನ್ನು ತಾವೇ ಪರೀಕ್ಷಿಸಿ, ವರದಿ ಓದಿ, ಆಮೇಲೆ ಸಹಿ ಮಾಡಿದವರು ತೇವದ ಸಂಗತಿ ನಮಗೆ ತಿಳಿದಿರಲಿಲ್ಲ ಎಂದು ನಾಳೆ ನ್ಯಾಯಾಲಯದಲ್ಲಿ ಹೇಳಲಾರರು. ಅದಕ್ಕಾಗಿ ಒಂದು ಪುಟದ ಒಪ್ಪಿಗೆ ಪತ್ರ ಮಾಡಿಕೊಳ್ಳಿ: ಪರೀಕ್ಷೆಯ ದಿನಾಂಕ, ತೂತುಗಳ ಸಂಖ್ಯೆ ಮತ್ತು ಜಾಗ, ಖರ್ಚು ಕೊಳ್ಳುವವರದು, ವ್ಯಾಪಾರ ಮುರಿದರೂ ಗೋಡೆಯನ್ನು ಮೊದಲಿನಂತೆ ಮಾಡಿಕೊಡುವ ಹೊಣೆ ಅವರದು, ಪೂರ್ತಿ ವರದಿಯ ಒಂದು ಪ್ರತಿ ನಿಮಗೆ ಸಿಗಬೇಕು. ನಿಮಗೆ ಗೊತ್ತಿರುವ ದೋಷಗಳನ್ನು ಕರಾರುಪತ್ರದಲ್ಲೇ ಅನುಬಂಧವಾಗಿ ಸೇರಿಸಿ, ಮೂವರು ಒಡೆಯರೂ ಅದಕ್ಕೆ ಸಹಿ ಮಾಡಿ. ಮನೆಯನ್ನು ‘ಇದ್ದ ಸ್ಥಿತಿಯಲ್ಲಿ’ ಮಾರುತ್ತಿದ್ದೇವೆ ಎಂದು ಬರೆಸಿದರೆ ಸಾಕೆಂದು ಕೆಲವರು ಹೇಳುತ್ತಾರೆ. ಮರೆಮಾಚಿದ್ದು ಹೊರಬಿದ್ದಾಗ ಆ ಒಂದು ಸಾಲನ್ನು ನೆಚ್ಚಿಕೊಂಡು ಕೂರಬೇಡಿ. ಪರೀಕ್ಷೆಗೆ ಮುಂಚೆಯೇ ನಾಲ್ಕು ಲಕ್ಷ ಎಂಬ ಅಂಕಿಗೆ ಮಾತಿನಲ್ಲಾಗಲಿ ವಾಟ್ಸಾಪ್‌ನಲ್ಲಾಗಲಿ ತಲೆಯಾಡಿಸಬೇಡಿ.

ಉತ್ತರ: ಹಳೆಯ ಮನೆ ಕೊಂಡವರು, ಪುತ್ತೂರು

ಕೊಂಡವರ ಕಡೆಯ ಮಾತನ್ನೂ ಕೇಳಿ. ನಾವು ಒಂದು ಏಪ್ರಿಲ್‌ನಲ್ಲಿ ಹಳೆಯ ಮನೆ ಕೊಂಡೆವು. ಒಳಗೆ ಕಾಲಿಟ್ಟಾಗ ಹೊಸ ಬಣ್ಣದ ವಾಸನೆ ಇತ್ತು, ನಮಗೆ ಸಂತೋಷವೇ ಆಯಿತು. ಜುಲೈ ಎರಡನೆಯ ವಾರದಲ್ಲಿ ದೇವರ ಕೋಣೆಯ ಗೋಡೆ ಉಬ್ಬಿತು, ಒಂದು ಬೆಳಿಗ್ಗೆ ಅಂಗೈಯಗಲದ ಚೆಕ್ಕೆ ಕಳಚಿ ದೀಪದ ಪಕ್ಕ ಬಿದ್ದಿತ್ತು. ರಿಪೇರಿಯ ಖರ್ಚಿಗಿಂತ ಹೆಚ್ಚಾಗಿ, ಇನ್ನೂ ಏನೇನು ಮುಚ್ಚಿಟ್ಟಿದ್ದಾರೋ ಎಂಬ ಸಂಶಯ ನಮ್ಮನ್ನು ವರ್ಷಗಟ್ಟಲೆ ಕಾಡಿತು. ಮಾಡಿನ ಪಕಾಸಿನಿಂದ ಹಿಡಿದು ಬಾವಿಯ ಕಟ್ಟೆಯವರೆಗೆ ಪ್ರತಿಯೊಂದನ್ನೂ ಅನುಮಾನದಿಂದಲೇ ನೋಡಿದೆವು. ಮಾರಿದವರು ಕಪಾಟು ಸರಿಸಿ ತೋರಿಸಿದ್ದರೂ ನಾವು ಆ ಮನೆ ಕೊಳ್ಳುತ್ತಿದ್ದೆವು.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಕೃತಜ್ಞತೆಗಳು. ನಡೆದದ್ದನ್ನು ತಿಳಿಸುತ್ತಿದ್ದೇನೆ. ಪ್ಲಾಸ್ಟಿಕ್ ಹಾಳೆ ಅಂಟಿಸಿ ನೋಡಿದಾಗ ಅಡುಗೆಮನೆಯಲ್ಲಿ ಹನಿಗಳು ಕೋಣೆಯ ಕಡೆಗೇ ಕೂತಿದ್ದವು, ಪಶ್ಚಿಮದ ಕೋಣೆಯಲ್ಲಿ ಹಿಂಬದಿಗೆ. ಆ ಗೋಡೆಯ ಹೊರಗೆ ಅಳತೆ ಹಿಡಿದೆ: ಅಂಗಳಕ್ಕೂ ಒಳನೆಲಕ್ಕೂ ಇರುವ ಅಂತರ ಬರೀ ಎರಡು ಇಂಚು. ಚಿಕ್ಕಂದಿನಲ್ಲಿ ನಾವು ಆ ಕಡೆಯ ಬಾಗಿಲಿನಿಂದ ಅಂಗಳಕ್ಕೆ ಎರಡು ಮೆಟ್ಟಿಲು ಇಳಿಯುತ್ತಿದ್ದದ್ದು ಆಗ ನೆನಪಾಯಿತು. ಆ ಎರಡೂ ಮೆಟ್ಟಿಲುಗಳು ಈಗ ಇಂಟರ್‌ಲಾಕ್‌ನ ಅಡಿಯಲ್ಲಿವೆ.

ಒಪ್ಪಿಗೆ ಪತ್ರಕ್ಕೆ ಸಹಿಯಾದ ಮೇಲೆ ಪರೀಕ್ಷೆ ನಡೆಯಿತು. ಬಂದ ಎಂಜಿನಿಯರ್ ಗುತ್ತಿಗೆ ಕೆಲಸ ಮಾಡುವವರಲ್ಲ. ಅವರು ಬರುವ ಮೊದಲೇ ನಾನು ಮತ್ತು ತಮ್ಮ ಕಪಾಟನ್ನು ನಡುಕೋಣೆಗೆ ಎಳೆದಿಟ್ಟಿದ್ದೆವು. ಪಶ್ಚಿಮದ ಗೋಡೆಯ ಬುಡದಲ್ಲಿ ಮಾತ್ರ ತೇವ ಹೆಚ್ಚಾಗಿದೆ, ನಾಲ್ಕಡಿಯ ಮೇಲೆ ಗೋಡೆ ಒಣಗಿದೆ ಎಂದು ವರದಿ ಬಂದಿದೆ. ಆ ಬದಿಯ ಇಂಟರ್‌ಲಾಕ್ ತೆಗೆದು ಅಂಗಳ ತಗ್ಗಿಸಲು, ಆ ಒಂದು ಗೋಡೆಯ ಸಿಮೆಂಟ್ ಕೆರೆದು ಸುಣ್ಣದ ಸಾರಣೆ ಮಾಡಲು ಮೇಸ್ತ್ರಿ ಕೊಟ್ಟ ಅಂದಾಜು ಒಂದು ಲಕ್ಷದ ನಲವತ್ತು ಸಾವಿರ. ಅಷ್ಟನ್ನು ಬೆಲೆಯಲ್ಲಿ ಕಳೆಯಲು ಎರಡೂ ಕಡೆಯವರು ಒಪ್ಪಿದ್ದೇವೆ. ಅನುಬಂಧದ ಕರಡನ್ನು ತಮ್ಮನೇ ಬರೆದಿದ್ದಾನೆ. ಕಳೆದ ಮಳೆಗಾಲದಲ್ಲಿ ಬಚ್ಚಲುಮನೆಯ ಮಾಡಿನಲ್ಲಿ ಎರಡು ಹೆಂಚು ಒಡೆದು ಸೋರಿದ್ದು ನನಗೆ ಮರೆತೇಹೋಗಿತ್ತು, ಅದನ್ನೂ ಅವನೇ ಸೇರಿಸಿದ್ದಾನೆ.